ಮೊದಲ ದೂರದರ್ಶಕ: ಬಳಕೆ ಮತ್ತು ಪಾಲನೆ

“ಪೆಟ್ಟಿಗೆಯ ಮೇಲೆ 525 ಪಟ್ಟು ಎಂದು ಅಚ್ಚು ಹಾಕಿದೆ. ಆದರೆ ಶನಿಗ್ರಹ ನಡುಗುವ ಮಸುಕು ಮಚ್ಚೆಯಂತೆ ಕಾಣುತ್ತದೆ. ದೂರದರ್ಶಕ ಕೆಟ್ಟಿದೆಯೇ?” ಖಗೋಳವನ್ನು ಕುರಿತು ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳಿಂದ ಕೇಳಿಬರುವ ಪ್ರಶ್ನೆ ಇದು. ಎಷ್ಟೋ ವೇಳೆ ಉಪಕರಣ ಕೆಟ್ಟಿರುವುದಿಲ್ಲ. ಬಳಸುವ ಕ್ರಮ ತಿಳಿದಿರುವುದಿಲ್ಲ, ಅಷ್ಟೆ. ನಿರಾಶರಾದವರ ದೂರದರ್ಶಕ ಕೆಲವೇ ವಾರಗಳಲ್ಲಿ ಅಟ್ಟ ಸೇರುತ್ತದೆ.

ಆರಂಭಿಕರ ಕೈಗೆ ಸಾಮಾನ್ಯವಾಗಿ ಸಿಗುವುದು ವಕ್ರೀಭವನ ದೂರದರ್ಶಕ. ಕೊಳವೆಯ ಮುಂತುದಿಯಲ್ಲಿ ವಸ್ತುಕ ಎಂಬ ದೊಡ್ಡ ಮಸೂರ; ಕಣ್ಣಿನ ಬದಿಯಲ್ಲಿ ನೇತ್ರಕ ಎಂಬ ಚಿಕ್ಕ ಮಸೂರ. ವಸ್ತುಕವು ಬೆಳಕನ್ನು ಕೂಡಿಸಿ ಬಿಂಬವನ್ನು ರಚಿಸುತ್ತದೆ, ನೇತ್ರಕವು ಆ ಬಿಂಬವನ್ನು ಹಿಗ್ಗಿಸಿ ತೋರಿಸುತ್ತದೆ. ವಸ್ತುಕದ ಸಂಗಮ ದೂರವನ್ನು ನೇತ್ರಕದ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ.

60 ಮಿ.ಮೀ. ವ್ಯಾಸ, 700 ಮಿ.ಮೀ. ಸಂಗಮ ದೂರದ ದೂರದರ್ಶಕವನ್ನೇ ತೆಗೆದುಕೊಳ್ಳೋಣ. ಇದಕ್ಕೆ 20 ಮಿ.ಮೀ. ನೇತ್ರಕ ಹಾಕಿದರೆ ವರ್ಧನೆ 35 ಪಟ್ಟು. 4 ಮಿ.ಮೀ. ನೇತ್ರಕ ಹಾಕಿದರೆ 175 ಪಟ್ಟು. ಅದರೊಡನೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525! ಪೆಟ್ಟಿಗೆಯ ಮೇಲಿನ ಸಂಖ್ಯೆ ಬಂದದ್ದು ಹೀಗೆ. ಲೆಕ್ಕ ಸರಿಯೇ, ಆದರೆ ಉಪಯೋಗವಿಲ್ಲ. ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅಂದರೆ ಇಲ್ಲಿ 120 ಪಟ್ಟು, ದಾಟಿದ ಮೇಲೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ. ಬೆಳಕು ಹರಡಿ ಮಂಕಾಗುತ್ತದೆ. ಗಾಳಿಯ ಅಲುಗಾಟವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತದೆ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುವಿನ ಉಪಗ್ರಹಗಳನ್ನು ಕಂಡದ್ದು ಸುಮಾರು 20 ಪಟ್ಟು ವರ್ಧಿಸುವ ಉಪಕರಣದಿಂದ ಎಂಬುದನ್ನು ನೆನಪಿಡಿ.

ದೂರದರ್ಶಕದ ನಿಜವಾದ ಬಲವಿರುವುದು ಅದು ಸಂಗ್ರಹಿಸುವ ಬೆಳಕಿನಲ್ಲಿ. ಕತ್ತಲೆಯಲ್ಲಿ ಅರಳಿದ ನಮ್ಮ ಕಣ್ಣುಪಾಪೆ ಸುಮಾರು 7 ಮಿ.ಮೀ. ಅಗಲವಿರುತ್ತದೆ. 60 ಮಿ.ಮೀ. ಮಸೂರವು ಅದಕ್ಕಿಂತ ಸುಮಾರು 70 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ.

ಬಳಕೆಯನ್ನು ಹಗಲಿನಲ್ಲೇ ಆರಂಭಿಸಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ದೂರದ ನೀರಿನ ಟ್ಯಾಂಕಿನ ತುದಿಯನ್ನೋ ದೇವಸ್ಥಾನದ ಕಳಶವನ್ನೋ ಕಡಿಮೆ ವರ್ಧನೆಯ ನೇತ್ರಕದ ನಡುವಿಗೆ ತನ್ನಿ. ಕೊಳವೆಯ ಮೇಲಿರುವ ಚಿಕ್ಕ ಶೋಧಕದ ತಿರುಪುಗಳನ್ನು ಹೊಂದಿಸಿ, ಅದೇ ಕಳಶ ಶೋಧಕದ ಅಡ್ಡಗೆರೆಗಳ ಮೇಲೂ ಬರುವಂತೆ ಮಾಡಿ. ಈ ಹತ್ತು ನಿಮಿಷದ ಕೆಲಸವನ್ನು ಬಿಟ್ಟವರು ರಾತ್ರಿ ಗಂಟೆಗಟ್ಟಲೆ ಆಕಾಶದಲ್ಲಿ ತಡಕಾಡಬೇಕಾಗುತ್ತದೆ. ಬಿಂಬ ತಲೆಕೆಳಗಾಗಿಯೋ ಎಡಬಲ ಅದಲುಬದಲಾಗಿಯೋ ಕಂಡರೆ ಗಾಬರಿ ಬೇಡ, ಅದು ದೋಷವಲ್ಲ.

ರಾತ್ರಿ, ನೋಡುವುದಕ್ಕೆ ಅರ್ಧ ಗಂಟೆ ಮೊದಲೇ ದೂರದರ್ಶಕವನ್ನು ಹೊರಗಿಡಿ. ಕೊಳವೆಯೊಳಗಿನ ಗಾಳಿ ಹೊರಗಿನ ಗಾಳಿಯಷ್ಟು ತಣ್ಣಗಾಗುವವರೆಗೆ ಬಿಂಬ ಕುದಿಯುತ್ತಿರುವಂತೆ ಕಾಣುತ್ತದೆ. ಬಿಸಿಲಿಗೆ ಕಾದ ತಾರಸಿಗಿಂತ ಮಣ್ಣಿನ ಅಂಗಳ ಮೇಲು. ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಎಳೆಯದಿದ್ದರೆ ಅಲುಗಾಟ ಕಡಿಮೆ.

ಯಾವಾಗಲೂ ಕಡಿಮೆ ವರ್ಧನೆಯಿಂದ ಆರಂಭಿಸಿ. ಇದಕ್ಕೆ ಕಾರಣ ಭೂಮಿಯ ಭ್ರಮಣೆ. ಆಕಾಶ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತದೆ. ಸಾಧಾರಣ ನೇತ್ರಕದಲ್ಲಿ 35 ಪಟ್ಟಿನಲ್ಲಿ ಗ್ರಹವೊಂದು ನೋಟದಲ್ಲಿ ನಾಲ್ಕೈದು ನಿಮಿಷ ನಿಲ್ಲುತ್ತದೆ. 175 ಪಟ್ಟಿನಲ್ಲಿ ಒಂದು ನಿಮಿಷದೊಳಗೆ ಜಾರಿಹೋಗುತ್ತದೆ.

ಮೊದಲ ನೋಟಕ್ಕೆ ಚಂದ್ರನೇ ಸೂಕ್ತ. ಆದರೆ ಹುಣ್ಣಿಮೆಯ ಚಂದ್ರ ಬೇಡ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು ಕತ್ತಲೆಗಳ ಗಡಿಯನ್ನು ನೋಡಿ. ಓರೆಬಿಸಿಲಿನಲ್ಲಿ ಕುಳಿಗಳೂ ಬೆಟ್ಟಗಳೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಶನಿಯ ಉಂಗುರವನ್ನು ಕಾಣಲು 40-50 ಪಟ್ಟು ಸಾಕು. ಸುಮಾರು ಹದಿನೈದು ವರ್ಷಗಳಿಗೊಮ್ಮೆ ಉಂಗುರದ ಅಂಚು ನಮ್ಮ ಕಡೆಗೆ ತಿರುಗಿ ತೆಳುಗೆರೆಯಾಗುತ್ತದೆ. 2025ರಲ್ಲಿ ಹಾಗಾಗಿತ್ತು, ಬಳಿಕ ವರ್ಷದಿಂದ ವರ್ಷಕ್ಕೆ ಅದು ತೆರೆದುಕೊಳ್ಳುತ್ತ ಹೋಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು: ದೂರದರ್ಶಕದ ಮೂಲಕ ಸೂರ್ಯನನ್ನು ಎಂದಿಗೂ ನೇರವಾಗಿ ನೋಡಬಾರದು. 60 ಮಿ.ಮೀ. ಅಗಲದ ಬಿಸಿಲೆಲ್ಲ ಸುಮಾರು ಆರೂವರೆ ಮಿ.ಮೀ. ಅಗಲದ ಬಿಂಬದಲ್ಲಿ ಕೂಡುತ್ತದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಕಣ್ಣು ಸುಟ್ಟರೂ ಆ ಕ್ಷಣ ತಿಳಿಯುವುದಿಲ್ಲ. ಕೆಲವು ಉಪಕರಣಗಳೊಡನೆ ನೇತ್ರಕಕ್ಕೆ ತಿರುಚಿ ಹಾಕುವ ಚಿಕ್ಕ ಕಪ್ಪು ಗಾಜು ಬರುತ್ತದೆ. ಅದು ಇರುವುದು ಬಿಸಿಲು ಕೂಡುವ ಜಾಗದಲ್ಲೇ. ಕಾದು ಬಿರುಕುಬಿಟ್ಟರೆ ಕಣ್ಣು ಮುಚ್ಚಲು ಸಮಯವಿರುವುದಿಲ್ಲ. ಅದನ್ನು ಒಡೆದು ಎಸೆಯಿರಿ. ಸೂರ್ಯನಿಗೆಂದೇ ತಯಾರಿಸಿದ, ವಸ್ತುಕದ ಮುಂಭಾಗವನ್ನು ಪೂರ್ತಿ ಮುಚ್ಚುವ ಶೋಧಕಹಾಳೆ ಮಾತ್ರ ಸುರಕ್ಷಿತ. ಆಗಲೂ ಚಿಕ್ಕ ಶೋಧಕಕ್ಕೆ ಮುಚ್ಚಳವಿರಲಿ, ಜೊತೆಯಲ್ಲಿ ಅಧ್ಯಾಪಕರಿರಲಿ.

ಪಾಲನೆಯ ವಿಷಯದಲ್ಲಿ ಮೊದಲ ನಿಯಮ: ಮಸೂರವನ್ನು ಸಾಧ್ಯವಾದಷ್ಟು ಒರೆಸದಿರುವುದು. ಕಾಲೇಜಿನಲ್ಲಿದ್ದಾಗ ಎರವಲು ತಂದ ದೂರದರ್ಶಕವೊಂದರ ವಸ್ತುಕವನ್ನು ನಾನು ಕರವಸ್ತ್ರದಿಂದ ಉಜ್ಜಿದ್ದೆ. ಧೂಳು ಹೋಯಿತು, ಗೀರುಗಳು ಉಳಿದವು. ಧೂಳಿನಲ್ಲಿ ಗಾಜನ್ನು ಗೀರಬಲ್ಲ ಮರಳಿನ ಕಣಗಳಿರುತ್ತವೆ. ನಾಲ್ಕಾರು ಧೂಳಿನ ಚುಕ್ಕೆಗಳಿಂದ ನೋಟಕ್ಕೆ ನಷ್ಟವಿಲ್ಲ. ಗೀರಿನ ನಷ್ಟ ಶಾಶ್ವತ. ಧೂಳು ಹೆಚ್ಚಾದರೆ ರಬ್ಬರ್ ಬುಗ್ಗೆಯಿಂದ ಗಾಳಿ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಆಮೇಲೆ ಮೃದುವಾದ ಕುಂಚವನ್ನು ಹಗುರವಾಗಿ ಆಡಿಸಿ. ಬೆರಳಿನ ಜಿಡ್ಡು ಅಂಟಿದ್ದರೆ ಮಾತ್ರ, ಮಸೂರ ಶುಚಿಗೊಳಿಸುವ ದ್ರಾವಣದಲ್ಲಿ ತುಸುವೇ ತೇವಮಾಡಿದ ಶುದ್ಧ ಹತ್ತಿಯಿಂದ ನಡುವಿನಿಂದ ಅಂಚಿನತ್ತ, ಒತ್ತದೆ ಒರೆಸಿ. ದ್ರಾವಣವನ್ನು ನೇರವಾಗಿ ಮಸೂರದ ಮೇಲೆ ಸುರಿಯಬಾರದು.

ವಸ್ತುಕವನ್ನು ಬಿಚ್ಚಲೇಬಾರದು. ಬಣ್ಣದ ಅಂಚನ್ನು ತಗ್ಗಿಸಲೆಂದು ಎರಡು ಬಗೆಯ ಗಾಜುಗಳನ್ನು ಜೋಡಿಸಿ ಅದನ್ನು ರಚಿಸಿರುತ್ತಾರೆ. ತಿರುಗುಮುರುಗಾಗಿ ಕೂಡಿಸಿದರೆ ಸ್ಪಷ್ಟ ಬಿಂಬ ಮತ್ತೆ ಸಿಗದು.

ಎರಡನೆಯ ಶತ್ರು ತೇವ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಮಸೂರದ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಬಹುದು. ಅದು ಮೇಲ್ಲೇಪವನ್ನೇ ತಿನ್ನುತ್ತದೆ. ಇಬ್ಬನಿ ಕುಳಿತ ದೂರದರ್ಶಕವನ್ನು ಒಳತಂದ ಕೂಡಲೆ ಮುಚ್ಚಳ ಹಾಕಬೇಡಿ. ತಾನಾಗಿ ಒಣಗಲು ಬಿಡಿ. ಅನಂತರ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಬಣ್ಣ ಬದಲಿಸುವ ಹರಳುಗಳಾದರೆ, ಬಣ್ಣ ತಿರುಗಿದಾಗ ಕಾಯಿಸಿ ಮತ್ತೆ ಬಳಸಬಹುದು.

ಕೊನೆಯದಾಗಿ, ದೂರದರ್ಶಕದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಗುರು ಕಾಣುವ ಋತುವಿನಲ್ಲಿ ಎರಡು ವಾರ, ದಿನವೂ ಅದೇ ಹೊತ್ತಿಗೆ, ಅದರ ಅಕ್ಕಪಕ್ಕದ ನಾಲ್ಕು ಚುಕ್ಕೆಗಳ ಸ್ಥಾನವನ್ನು ಗುರುತಿಸಿ. ಒಳಗಿನ ಅಯೋ ಎರಡು ದಿನದೊಳಗೇ ಒಂದು ಸುತ್ತು ಮುಗಿಸುತ್ತದೆ. ಹೊರಗಿನ ಕ್ಯಾಲಿಸ್ಟೊಗೆ ಸುಮಾರು ಹದಿನೇಳು ದಿನ ಬೇಕು. ಪುಸ್ತಕದಲ್ಲಿ ಓದಿದ ಈ ಮಾತನ್ನು ನಿಮ್ಮದೇ ಗುರುತುಗಳಿಂದ ಪರೀಕ್ಷಿಸಿ ನೋಡಿ. ಅದಕ್ಕೆ 525 ಪಟ್ಟು ಬೇಡ. 35 ಪಟ್ಟು ಸಾಕು.