ಬಿಸಿಲಿಗೆ ಕಪ್ಪಾಗುವ ಕನ್ನಡಕ

ಕಳೆದ ಚಳಿಗಾಲದಲ್ಲಿ ನಮ್ಮ ತಾಯಿಯವರು ದೆಹಲಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದರು. ಜನವರಿ ತಿಂಗಳ ದೆಹಲಿಯನ್ನು ಕಂಡ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಮನೆಯೊಳಗಿಗಿಂತ ಬಿಸಿಲುಮಚ್ಚಿನ ಮೇಲೆಯೇ ಸುಖ. ಮಂಜು ಹರಿದು ಸೂರ್ಯ ಮುಖ ತೋರಿಸಿದರೆ ಸಾಕು, ನೆರೆಹೊರೆಯ ಹೆಂಗಸರೆಲ್ಲ ಚಾಪೆ, ಬಟಾಣಿಯ ಬುಟ್ಟಿ, ಹೆಣಿಗೆಯ ಕಡ್ಡಿ ಹಿಡಿದು ಮೇಲೇರುತ್ತಾರೆ. ಧಾರವಾಡದ ನಮ್ಮ ತಾಯಿಯವರಿಗೆ ಬರುವ ಹಿಂದಿ ನಾಲ್ಕೇ ಮಾತು. ಆದರೆ ಬಟಾಣಿ ಸುಲಿಯಲು ಭಾಷೆಯೇಕೆ? ಒಂದು ಮಧ್ಯಾಹ್ನ ಸುಲಿದ ಕಾಳಿನ ಪಾತ್ರೆ ಹಿಡಿದು ಕೆಳಗಿಳಿಯುವಾಗ, ಮೂರನೆಯ ಮೆಟ್ಟಿಲು ಕಾಣದೆ ಬಿದ್ದರು. ದೇವರ ದಯೆ, ಬಲ ಮುಂಗೈಯ ಎಲುಬು ಸೀಳಿತು, ಅಷ್ಟೇ. ಆರು ವಾರ ಪ್ಲಾಸ್ಟರು.

ಬಿದ್ದವರಿಗೆ ಕಾರಣ ಹೇಳುವವರು ಬಹಳ. ಮೆಟ್ಟಿಲು ಕಿರಿದು ಎಂದ ತಮ್ಮ. ಉಣ್ಣೆಯ ಕಾಲುಚೀಲ ಜಾರಿತೆಂದಳು ಅವನ ಹೆಂಡತಿ. ವಯಸ್ಸು ಎಪ್ಪತ್ತನಾಲ್ಕು ಎಂದರು ಡಾಕ್ಟರು, ಅದೇ ಒಂದು ಕಾಯಿಲೆಯೆಂಬಂತೆ. ತಾಯಿಯವರು ಮಾತ್ರ, "ಒಳಗ ಕಾಲಿಟ್ಟ ಕೂಡಲೆ ಕಣ್ಣಿಗೆ ಕತ್ತಲಿ ಕವಿದ್ಹಂಗ ಆತು" ಎಂದರು. ಮುಂಬಯಿಯಿಂದ ಟೆಲಿಫೋನಿನಲ್ಲಿ ಮಾತಾಡುತ್ತಿದ್ದ ನಾವು, "ಯಾವ ಕನ್ನಡಕ ಹಾಕಿಕೊಂಡಿದ್ದಿರಿ?" ಎಂದು ಕೇಳಿದೆವು. ಹಿಂದಿನ ದೀಪಾವಳಿಗೆ ಊರಿನಲ್ಲಿ ಕೊಂಡ ಹೊಸ ಕನ್ನಡಕ. ಬಿಸಿಲಿಗೆ ತಾನೇ ಕಪ್ಪಾಗಿ ನೆರಳಿಗೆ ತಾನೇ ತಿಳಿಯಾಗುವ ಜಾತಿಯದು.

ಕಥೆ ಅಲ್ಲಿಗೇ ಮುಗಿದಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಮೇ ತಿಂಗಳಲ್ಲಿ ಚೆನ್ನೈಯಿಂದ ತಂಗಿಯ ದೂರು ಬಂತು. ಅವಳೂ ಅದೇ ದೀಪಾವಳಿಯಲ್ಲಿ, ಅದೇ ಅಂಗಡಿಯಲ್ಲಿ, ಅದೇ ಜಾತಿಯ ಕನ್ನಡಕ ಮಾಡಿಸಿದ್ದಳು. "ಹಾಡುಹಗಲು ಹನ್ನೆರಡು ಗಂಟೆಗೆ ತೆಳ್ಳಗಿನ ಚಹದ ಬಣ್ಣ ಬಂದರೆ ಹೆಚ್ಚು. ಅಂಗಡಿಯವನು ನನಗೆ ಟೋಪಿ ಹಾಕಿದ" ಎಂಬುದು ಅವಳ ಅಳಲು. ಒಬ್ಬರಿಗೆ ಅತಿ ಕಪ್ಪಾಯಿತು, ಇನ್ನೊಬ್ಬರಿಗೆ ಕಪ್ಪಾಗಲೊಲ್ಲದು! ಮಸೂರ ಒಂದೇ. ಇದೇನು ವಿಚಿತ್ರವೆಂದು ವಿಚಾರಿಸತೊಡಗಿದೆವು.

ಮೊದಲು ಹೆಸರಿನ ವಿಷಯ. ನಮ್ಮ ಅಂಗಡಿಗಳಲ್ಲಿ ಇದನ್ನು ಫೋಟೋಕ್ರೊಮ್ಯಾಟಿಕ್ ಎನ್ನುವುದು ರೂಢಿ; ಶಾಸ್ತ್ರದ ಹೆಸರು ಫೋಟೋಕ್ರೋಮಿಕ್. ಇದು ಹುಟ್ಟಿದ್ದು ಅಮೆರಿಕದ ಕಾರ್ನಿಂಗ್ ಎಂಬ ಗಾಜಿನ ಕಂಪೆನಿಯಲ್ಲಿ. ಆರ್ಮಿಸ್ಟೆಡ್ ಮತ್ತು ಸ್ಟೂಕಿ ಎಂಬ ಇಬ್ಬರು ವಿಜ್ಞಾನಿಗಳು 1964ರಲ್ಲಿ ಇದರ ವೃತ್ತಾಂತವನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಗಾಜು ಕರಗಿಸುವಾಗಲೇ ಅದರಲ್ಲಿ ಬೆಳ್ಳಿಯ ಲವಣವನ್ನೂ ತುಸು ತಾಮ್ರವನ್ನೂ ಸೇರಿಸಿದರು. ಹದವಾಗಿ ಕಾಯಿಸಿದಾಗ ಗಾಜಿನ ತುಂಬ ಬೆಳ್ಳಿ ಲವಣದ ಹರಳುಗಳು ಮೂಡುತ್ತವೆ. ಒಂದೊಂದರ ಗಾತ್ರ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದ ಆಸುಪಾಸು. ಆದ್ದರಿಂದ ಗಾಜು ತಿಳಿಯಾಗಿಯೇ ಕಾಣುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಾಕಿದೊಡನೆ ಲವಣದಿಂದ ಬೆಳ್ಳಿ ಬಿಡಿಯಾಗಿ ಕಪ್ಪುಗಟ್ಟುತ್ತದೆ. ಹಳೆಯ ಕಾಲದ ಫೋಟೋ ಫಿಲ್ಮಿನಲ್ಲಿ ನಡೆಯುತ್ತಿದ್ದುದೂ ಇದೇ. ಫಿಲ್ಮಿನಲ್ಲಿ ಒಮ್ಮೆ ಬೇರೆಯಾದುದು ಮತ್ತೆ ಕೂಡುವಂತಿಲ್ಲ; ಗಾಜಿನಲ್ಲಾದರೋ ಎರಡೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ ಗಂಡಹೆಂಡಿರಂತೆ, ಜಗಳವಾಡಿದರೂ ಹೊರಗೆ ಹೋಗಲು ದಾರಿಯಿಲ್ಲ. ಬೆಳಕು ತಗ್ಗಿದೊಡನೆ ಮತ್ತೆ ಒಂದಾಗುತ್ತವೆ, ಗಾಜು ತಿಳಿಯಾಗುತ್ತದೆ. ಈ ಆಟ ಸಾವಿರಾರು ಸಲ ನಡೆದರೂ ಗಾಜು ದಣಿಯದು.

ನಮ್ಮ ತೀರ್ಥರೂಪರು ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡ ಇಂಥ ಗಾಜಿನ ಕನ್ನಡಕವೊಂದು ಇಂದಿಗೂ ಮನೆಯ ಪೆಟ್ಟಿಗೆಯಲ್ಲಿದೆ. ಇಪ್ಪತ್ತು ವರ್ಷ ಅದನ್ನು ಧರಿಸಿದರು. ಮೊನ್ನೆ ಕಿಟಕಿಯ ಹೊರಗೆ ಹಿಡಿದರೆ ಮೊದಲಿನ ಹಾಗೆಯೇ ಕಪ್ಪಾಯಿತು. ಅವರಿಗೆ ಸಮೀಪದೃಷ್ಟಿಯ ದೋಷ ಬಲವಾಗಿತ್ತು. ಮಸೂರದ ನಡುವೆ ತೆಳುವು, ಅಂಚಿನಲ್ಲಿ ದಪ್ಪ. ಹರಳುಗಳು ಗಾಜಿನ ಮೈತುಂಬ ಇರುವುದರಿಂದ ದಪ್ಪವಿದ್ದಲ್ಲಿ ಹೆಚ್ಚು ಕಪ್ಪು. ಹೀಗಾಗಿ ಬಿಸಿಲಿನಲ್ಲಿ ಅವರ ಕನ್ನಡಕ ಕೊಬ್ಬರಿ ಬಟ್ಟಲಿನಂತೆ, ಸುತ್ತ ಕಪ್ಪು ನಡುವೆ ಬಿಳುಪಾಗಿ ಕಾಣುತ್ತಿತ್ತು. ಚಿಕ್ಕವರಾಗಿದ್ದಾಗ ನಾವು ಅದಕ್ಕೆ ನಗುತ್ತಿದ್ದೆವು. ಅದರ ಭಾರಕ್ಕೆ ಅವರ ಮೂಗಿನ ಮೇಲೆ ಎರಡು ಹಳ್ಳ ಬಿದ್ದಿದ್ದವು.

ಈ ಭಾರದಿಂದಲೂ ಒಡೆಯುವ ಭಯದಿಂದಲೂ ಜನ ಪ್ಲಾಸ್ಟಿಕ್ ಮಸೂರಕ್ಕೆ ಒಲಿದರು. ಇಂದು ಅಂಗಡಿಗಳಲ್ಲಿ ಸಿಗುವುದು ಬಹುತೇಕ ಅದೇ. ಪ್ಲಾಸ್ಟಿಕ್ಕಿನಲ್ಲಿ ಬೆಳ್ಳಿಯ ಉಪಾಯ ಸಾಗದು. ಬೇರೆಯೇ ರಾಸಾಯನಿಕ ಬಣ್ಣ ಬೇಕಾಯಿತು. ಇಂಥ ಮಸೂರ ಮಾರುಕಟ್ಟೆಯಲ್ಲಿ ನೆಲೆ ನಿಂತಿದ್ದು 1991ರಲ್ಲಿ ಟ್ರಾನ್ಸಿಷನ್ಸ್ ಎಂಬ ಹೆಸರಿನದು ಬಂದ ಮೇಲೆ. ಈಗ ಹಲವು ಕಂಪೆನಿಗಳು ಮಾಡುತ್ತವೆ. ಇದರ ಬಣ್ಣದ ಅಣುವನ್ನು ಮಡಿಸಿದ ಕೊಡೆಯೆಂದು ಭಾವಿಸಿರಿ. ಮಡಿಸಿದಾಗ ಅದಕ್ಕೆ ಬಣ್ಣವಿಲ್ಲ. ನೇರಳಾತೀತ ಕಿರಣ ಬಿದ್ದರೆ ಕೊಡೆ ಬಿಚ್ಚಿ ಬೆಳಕನ್ನು ತಡೆಯುತ್ತದೆ. ಅದನ್ನು ಮತ್ತೆ ಮಡಿಸುವುದು ಯಾವುದು? ಕತ್ತಲೆಯೆಂದು ನಾವು ತಿಳಿದಿದ್ದೆವು. ಮುಖ್ಯವಾಗಿ ಆ ಕೆಲಸ ಮಾಡುವುದು ಶಾಖ.

ನಮ್ಮ ಮನೆಯ ಎರಡೂ ದೂರುಗಳಿಗೆ ಉತ್ತರ ಇಲ್ಲಿಯೇ ಇದೆ. ಚೆನ್ನೈಯ ಮೇ ತಿಂಗಳಲ್ಲಿ ನೇರಳಾತೀತ ಕಿರಣಕ್ಕೆ ಕೊರತೆಯೇನೂ ಇಲ್ಲ, ಕೊಡೆಗಳು ಬಿಚ್ಚುತ್ತಲೇ ಇರುತ್ತವೆ. ಆದರೆ ಸೆಕೆ ಅವನ್ನು ಅಷ್ಟೇ ಬೇಗ ಮಡಿಸುತ್ತಲೂ ಇರುತ್ತದೆ. ಯಾವ ಗಳಿಗೆಯಲ್ಲಿ ನೋಡಿದರೂ ಬಿಚ್ಚಿದವು ಕೆಲವೇ. ದೆಹಲಿಯ ಚಳಿಗಾಲದಲ್ಲಿ ಆ ಕಿರಣ ಚೆನ್ನೈಗಿಂತ ಕಡಮೆ, ನಿಜ. ಆದರೆ ಚಳಿಯಲ್ಲಿ ಬಿಚ್ಚಿದ ಕೊಡೆ ಮಡಿಸುವವರಿಲ್ಲದೆ ಹಾಗೆಯೇ ನಿಲ್ಲುತ್ತದೆ. ಆದಕಾರಣ ಮಸೂರ ಗಾಢವಾಗಿ ಕಪ್ಪಾಗುತ್ತದೆ. ಒಳಗೆ ಬಂದ ಮೇಲೂ ತಿಳಿಯಾಗಲು ನಿಧಾನಿಸುತ್ತದೆ. ತಯಾರಕರಿಗೆ ಇದು ಗುಟ್ಟೇನಲ್ಲ. ಪರೀಕ್ಷಾಶಾಲೆಯಲ್ಲಿ 5, 23, 35 ಡಿಗ್ರಿ ಸೆಲ್ಸಿಯಸ್ ಎಂದು ಮೂರು ಉಷ್ಣತೆಗಳಲ್ಲಿ ಮಸೂರವನ್ನು ಅಳೆಯುವ ಕ್ರಮವುಂಟು. ಅಂಗಡಿಯ ಚಿತ್ರಪತ್ರಿಕೆಯಲ್ಲಿ ಮಾತ್ರ ಅಚ್ಚಾಗುವುದು ತಂಪಿನ ದಿನದ ಸೊಗಸಾದ ಕಪ್ಪು. 23 ಡಿಗ್ರಿಯ ತಂಪಿನಲ್ಲಿ ಹದಿನೈದು ಪಾಲು ಬೆಳಕು ಬಿಡುವ ಮಸೂರ 35 ಡಿಗ್ರಿಯಲ್ಲಿ ಅದರ ಎರಡರಷ್ಟು ಬಿಡುವುದು ಸಾಮಾನ್ಯ. ಅಂಗಡಿಯವನು ತಂಗಿಗೆ ಟೋಪಿ ಹಾಕಿರಲಿಲ್ಲ. ಚೆನ್ನೈಯ ಹವೆಯನ್ನು ಕೇಳಿರಲಿಲ್ಲ, ಅಷ್ಟೆ. ಪರವೂರಿನಲ್ಲಿರುವ ನಮ್ಮಂಥವರು ರಜೆಗೆ ಊರಿಗೆ ಹೋದಾಗ ಹಲ್ಲು, ಕಣ್ಣು, ಬಟ್ಟೆ ಎಲ್ಲ ಕೆಲಸವನ್ನೂ ಅಲ್ಲಿಯೇ ಮುಗಿಸಿ ಬರುವ ಚಾಳಿಯವರು. ಕನ್ನಡಕ ಹಾಕಿಕೊಂಡು ಬಾಳಬೇಕಾದ ಊರು ಯಾವುದೆಂಬುದನ್ನು ಅಂಗಡಿಯಲ್ಲಿ ನಾವೂ ಹೇಳುವುದಿಲ್ಲ.

ಕಪ್ಪಾಗಲು ಹಿಡಿಯುವ ಕಾಲ ಒಂದು ನಿಮಿಷಕ್ಕೂ ಕಡಮೆ. ತಿಳಿಯಾಗುವುದಕ್ಕೆ ಹಲವು ನಿಮಿಷಗಳೇ ಬೇಕು. ಚಳಿಯಲ್ಲಿ ಇನ್ನೂ ಹೆಚ್ಚು. ಅದರ ಮೇಲೆ, ವಯಸ್ಸಾದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎಳೆಯ ಕಣ್ಣಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಎರಡು ನಿಧಾನಗಳೂ ತಾಯಿಯವರಿಗೆ ಆ ಮೂರನೆಯ ಮೆಟ್ಟಿಲಿನಲ್ಲಿ ಒಟ್ಟಿಗೆ ಎದುರಾದವು. ಮನೆಯಲ್ಲಿ ಹಿರಿಯರಿದ್ದು ಇಂಥ ಕನ್ನಡಕ ಧರಿಸುತ್ತಿದ್ದರೆ, ಹೊರಗಿನಿಂದ ಬಂದವರು ಬಾಗಿಲಲ್ಲಿ ನಿಲ್ಲಲಿ, ಕಂಬಿ ಹಿಡಿಯಲಿ, ಮೆಟ್ಟಿಲಿಗೆ ಹಗಲಿನಲ್ಲಿಯೂ ದೀಪವಿರಲಿ. ವಿದ್ಯುತ್ತಿನ ಬಿಲ್ಲು ಪ್ಲಾಸ್ಟರಿಗಿಂತ ಅಗ್ಗ.

ಇನ್ನು ಕಾರು ನಡೆಸುವವರ ಮಾತು. ಕಾರಿನ ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆಯಿಟ್ಟು ಮಾಡಿದ್ದು. ಅದು ನೇರಳಾತೀತ ಕಿರಣವನ್ನು ಬಹುಮಟ್ಟಿಗೆ ತಡೆಯುವುದರಿಂದ ಒಳಗೆ ಕುಳಿತವರ ಕನ್ನಡಕ ಕಪ್ಪಾಗುವುದೇ ಇಲ್ಲ. ಪುಣೆಯಲ್ಲಿ ಸ್ಕೂಟರು ಓಡಿಸುವವರು ಹೆಲ್ಮೆಟ್ಟಿನ ಮುಖಪರದೆ ಇಳಿಸಿದಾಗಲೂ ಹೀಗೆಯೇ. ಕಣ್ಣಿಗೆ ಕಾಣುವ ಬೆಳಕಿಗೂ ಸ್ವಲ್ಪ ಸ್ಪಂದಿಸಿ ಕಾರಿನೊಳಗೂ ಕಪ್ಪಾಗುವ ಜಾತಿಯೊಂದು ಬಂದಿದೆ. ಆದರೆ ಅದು ಮನೆಯೊಳಗೂ ತುಸು ಮಬ್ಬಾಗಿಯೇ ಉಳಿಯುತ್ತದೆ. ರಾತ್ರಿ ವಾಹನ ನಡೆಸುವವರು ಅದನ್ನು ಯೋಚಿಸಿ ಕೊಳ್ಳಬೇಕು.

ಈಗ ಆಯುಸ್ಸಿನ ಪ್ರಶ್ನೆಗೆ ಬರೋಣ. "ಜನ್ಮಪರ್ಯಂತ ಚಿಂತೆಯಿಲ್ಲ" ಎಂದು ಅಂಗಡಿಯಲ್ಲಿ ನಮಗೆ ಹೇಳಿದ್ದರು. ತೀರ್ಥರೂಪರ ಕನ್ನಡಕ ಕಂಡಿದ್ದ ನಾವು ನಂಬಿದೆವು. ಆ ಮಾತು ಗಾಜಿಗೆ ಸಲ್ಲುತ್ತದೆ, ಪ್ಲಾಸ್ಟಿಕ್ಕಿಗೆ ಸಲ್ಲದು. ಹೆಸರು ಒಂದೇ ಆದುದರಿಂದ ಗಾಜಿನ ಕೀರ್ತಿಯನ್ನು ಪ್ಲಾಸ್ಟಿಕ್ಕು ಉಂಡುಕೊಂಡು ಬಂದಿದೆ. ಕೊಡೆ ಬಿಚ್ಚಿ ಮಡಿಸಿ ಕಡ್ಡಿ ಮುರಿಯುವಂತೆ, ಪ್ಲಾಸ್ಟಿಕ್ಕಿನೊಳಗಿನ ಬಣ್ಣದ ಅಣುಗಳೂ ಬಿಸಿಲಿಗೂ ಗಾಳಿಯ ಆಮ್ಲಜನಕಕ್ಕೂ ಸವೆಯುತ್ತವೆ. ದಿನವೂ ಬಿಸಿಲು ಕಾಣುವ ಮಸೂರದ ಒಳ್ಳೆಯ ಕಾಲ ಎರಡು ಮೂರು ವರ್ಷ. ಅನಂತರ ಒಮ್ಮೆಗೇ ಸಾಯುವುದಿಲ್ಲ. ಕಪ್ಪು ಪೇಲವವಾಗುತ್ತದೆ, ನೆರಳಿನಲ್ಲೂ ಹಳದಿ ಛಾಯೆ ಉಳಿಯುತ್ತದೆ. ಮುಂಬಯಿಯಲ್ಲಿ ನಾವು ಧರಿಸುತ್ತಿರುವುದು ನಾಲ್ಕು ವರ್ಷದ ಹಳೆಯದು. ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತಾಗ ಕಪ್ಪಾಗುತ್ತದೆಂದೇ ನಂಬಿದ್ದೆವು. ಪರೀಕ್ಷೆ ಮಾಡಿದಾಗ ಭ್ರಮೆ ಹರಿಯಿತು.

ಆ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಮಸೂರದ ಅರ್ಧಕ್ಕೆ ಕಪ್ಪು ಕಾಗದದ ಪಟ್ಟಿ ಸುತ್ತಿ, ಬೆಳಗಿನ ತಂಪಿನಲ್ಲಿ ಎರಡು ನಿಮಿಷ ಬಿಸಿಲಿಗೆ ಹಿಡಿಯಿರಿ. ಒಳಗೆ ತಂದು ಪಟ್ಟಿ ತೆಗೆದು, ಬಿಳಿ ಕಾಗದದ ಮೇಲಿಟ್ಟು ನೋಡಿರಿ. ಎರಡು ಅರ್ಧಗಳ ನಡುವೆ ಗೆರೆ ಎದ್ದು ಕಂಡರೆ ಮಸೂರ ಗಟ್ಟಿ. ನಮ್ಮದರಲ್ಲಿ ಗೆರೆಯನ್ನು ಹುಡುಕಬೇಕಾಯಿತು. ಹೊಸದು ಕೊಂಡ ದಿನವೇ ಹೀಗೆ ಮಾಡಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಹೋಲಿಸಲು ಅನುಕೂಲ. ಕಪ್ಪಾಗುವ ಶಕ್ತಿ ಕುಂದಿದರೂ ನೇರಳಾತೀತ ಕಿರಣವನ್ನು ತಡೆಯುವ ಗುಣ ಸಾಮಾನ್ಯವಾಗಿ ಉಳಿದಿರುತ್ತದೆ. ಕಣ್ಣಿಗೆ ಅಪಾಯವಾಯಿತೆಂದು ಗಾಬರಿ ಬೇಡ. ಒಂದು ಮಸೂರ ಒಡೆದರೆ ಮಾತ್ರ ಎರಡನ್ನೂ ಬದಲಿಸುವುದು ಲೇಸು. ಹೊಸದು ಹೆಚ್ಚು, ಹಳೆಯದು ಕಡಮೆ ಕಪ್ಪಾಗಿ, ಒಂದು ಕಣ್ಣಿಗೆ ಸಂಜೆ, ಇನ್ನೊಂದಕ್ಕೆ ಮಧ್ಯಾಹ್ನವಾದೀತು!

ಹಾಗಾದರೆ ಈ ಕನ್ನಡಕ ಬೇಡವೇ? ಹಾಗೆಂದು ನಾವು ಹೇಳುವುದಿಲ್ಲ. ದಿನಕ್ಕೆ ಹತ್ತು ಸಲ ಒಳಗೂ ಹೊರಗೂ ಓಡಾಡುವವರಿಗೆ, ಬೆಳಕಿಗೆ ಕಣ್ಣು ಕುಕ್ಕುವವರಿಗೆ ಇದರಷ್ಟು ಅನುಕೂಲ ಬೇರಿಲ್ಲ. ಸಾದಾ ಮಸೂರಕ್ಕಿಂತ ಬೆಲೆ ಹೆಚ್ಚು; ಆ ಬೆಲೆಯನ್ನು ಮೂರು ವರ್ಷಕ್ಕೆ ಹಂಚಿ ಲೆಕ್ಕ ಹಾಕಬೇಕೇ ಹೊರತು ಜನ್ಮಕ್ಕಲ್ಲ. ಚೆನ್ನೈ, ಹೈದರಾಬಾದುಗಳ ಬೇಸಿಗೆಯಲ್ಲಿ ಗಂಟೆಗಟ್ಟಲೆ ಬಿಸಿಲಿನಲ್ಲಿರುವವರಿಗೆ ನಂಬರು ಹಾಕಿಸಿದ ಸಾದಾ ತಂಪುಕನ್ನಡಕವೇ ಮೇಲು. ತಂಗಿ ಈಗ ಹಾಗೆಯೇ ಮಾಡಿದ್ದಾಳೆ. ಮೊದಲಿನದನ್ನು ಡಿಸೆಂಬರಿಗೆ ಎತ್ತಿಟ್ಟಿದ್ದಾಳೆ.

ತಾಯಿಯವರ ಕೈ ಕೂಡಿದೆ. ಈ ಚಳಿಗಾಲಕ್ಕೂ ದೆಹಲಿಗೆ ಹೋಗಿದ್ದಾರೆ. ಮನೆಯೊಳಗಿಗೆ ಒಂದು ಸಾದಾ ಕನ್ನಡಕ ಮಾಡಿಸಿಕೊಟ್ಟೆವು. ಕಪ್ಪಾಗುವುದನ್ನು ತೂಗಹಾಕಲು ತಮ್ಮ ಬಿಸಿಲುಮಚ್ಚಿನ ಬಾಗಿಲಿಗೆ ಒಂದು ಮೊಳೆ ಹೊಡೆದಿದ್ದಾನೆ. ಇಳಿಯುವ ಮುಂಚೆ ಅವರು ಅಲ್ಲಿ ಅದನ್ನು ಬದಲಿಸಿ, ಬಟಾಣಿಯ ಪಾತ್ರೆಯನ್ನು ಮೊಮ್ಮಗನ ಕೈಗೆ ಕೊಟ್ಟು, ಗೋಡೆ ಹಿಡಿದು ಇಳಿಯುತ್ತಾರಂತೆ. ಆ ಮೊಳೆ ದಿನವೆಲ್ಲ ಬಿಸಿಲು ಬೀಳುವ ಮಗ್ಗುಲಿಗಿದೆಯೆಂದು ನಿನ್ನೆ ತಿಳಿಯಿತು. ಮಸೂರದ ಆಯುಸ್ಸು ಸುಮ್ಮನೆ ಸವೆದೀತು, ಮೊಳೆಯನ್ನು ಒಳಗೋಡೆಗೆ ಬದಲಿಸೆಂದು ತಮ್ಮನಿಗೆ ಹೇಳಿದ್ದೇವೆ.