ಪಿಯಾನೋ ಇಲ್ಲದ ರಾತ್ರಿ

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಮೆಟ್ಟಿಲಿಳಿದು ಸೇರಬೇಕಾದ ನೆಲಮಾಳಿಗೆಯೊಂದಿದೆ. 1935ರಲ್ಲಿ ಮ್ಯಾಕ್ಸ್ ಗಾರ್ಡನ್ ಅಲ್ಲಿ ತಮ್ಮ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬನ್ನು ನೆಲೆಗೊಳಿಸಿದರು. ಒಂದು ತುದಿಗೆ ಕಿರಿದಾಗುತ್ತ ಹೋಗುವ ಆ ಕೋಣೆಯಲ್ಲಿ ಕೂರಬಹುದಾದವರು ನೂರಿಪ್ಪತ್ತು ಚಿಲ್ಲರೆ ಜನ. 1957ರ ನವೆಂಬರ್ 3ರಂದು 27 ವರ್ಷದ ಸಾನಿ ರಾಲಿನ್ಸ್ ಅಲ್ಲಿ ಟೆನರ್ ಸ್ಯಾಕ್ಸೊಫೋನ್ ನುಡಿಸಿದರು. ಬ್ಲೂ ನೋಟ್ ಕಂಪನಿಗಾಗಿ ರೂಡಿ ವ್ಯಾನ್ ಗೆಲ್ಡರ್ ಅದನ್ನು ಧ್ವನಿಮುದ್ರಿಸಿದರು. ಹೀಗೆ ರೂಪುಗೊಂಡ ‘ಎ ನೈಟ್ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಜಾಝ್‌ನ ಶ್ರೇಷ್ಠ ಆಲ್ಬಮ್‌ಗಳಲ್ಲೊಂದು. ಅದರ ಶ್ರೇಷ್ಠತೆಯ ಮೂಲ ರಾಲಿನ್ಸ್ ಕೈಬಿಟ್ಟ ವಾದ್ಯದಲ್ಲಿದೆ ಎಂಬುದು ನನ್ನ ವಾದ.

ಜಾಝ್ ತಂಡದಲ್ಲಿ ಸಾಮಾನ್ಯವಾಗಿ ಪಿಯಾನೋ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಹಾಸುತ್ತ ಹೋಗುತ್ತದೆ. ಮುಖ್ಯ ವಾದಕ ಅವುಗಳ ಮೇಲೆ ನಡೆಯುತ್ತಾನೆ. ರಾಲಿನ್ಸ್ ಬಾಸ್ ಮತ್ತು ಡ್ರಮ್ಸ್ ಎರಡನ್ನೇ ಇಟ್ಟುಕೊಂಡರು. ಅಂದು ಮಧ್ಯಾಹ್ನ ಒಂದು ತಂಡ, ಸಂಜೆ ಇನ್ನೊಂದು ತಂಡ ಅವರ ಜೊತೆಗಿತ್ತು. ಸಂಜೆಯ ತಂಡದಲ್ಲಿ ಬಾಸ್ ನುಡಿಸಿದ ವಿಲ್ಬರ್ ವೇರ್ ಕಡಿಮೆ ಸ್ವರಗಳಲ್ಲಿ ಗಟ್ಟಿ ಬುನಾದಿ ಕೊಟ್ಟರೆ, ಡ್ರಮ್ಸ್‌ನ ಎಲ್ವಿನ್ ಜೋನ್ಸ್ ಒಂದೇ ತಾಳದೊಳಗೆ ಹಲವು ಲಯಗಳನ್ನು ಹೆಣೆದರು. ಉಳಿದ ಜಾಗವೆಲ್ಲ ಸ್ಯಾಕ್ಸೊಫೋನಿನದು. ರಾಲಿನ್ಸ್‌ರ ಸ್ವಂತ ರಚನೆ ‘ಸಾನಿಮೂನ್ ಫಾರ್ ಟೂ’ ಕೇಳಿ: ಪುಟ್ಟದೊಂದು ನುಡಿ ಮೂರು ಬಾರಿ ಬರುತ್ತದೆ, ಅಷ್ಟೇ ಅದರ ಬಂಡವಾಳ. ಅದನ್ನೇ ಅವರು ಮುರಿದು, ಹಿಗ್ಗಿಸಿ, ತಡೆದು, ಮತ್ತೆ ಹಿಡಿಯುತ್ತಾರೆ. ಕರ್ನಾಟಕ ಸಂಗೀತದಲ್ಲಿ ಪಲ್ಲವಿಯ ಒಂದೇ ಸಾಲನ್ನು ನೆರವಲ್‌ನಲ್ಲಿ ಬೆಳೆಸುವ ಗಾಯಕರನ್ನು ಬಲ್ಲ ಕಿವಿಗೆ ಈ ಮನೋಧರ್ಮ ಅಪರಿಚಿತವೇನಲ್ಲ.

ಪಿಯಾನೋ ಇಲ್ಲದೆ ಸಂಗೀತ ಬರಡಾಗುವುದಿಲ್ಲವೇ ಎಂಬ ಆಕ್ಷೇಪ ಸಹಜ. ಮೊದಲ ಕೇಳ್ಮೆಯಲ್ಲಿ ಹಾಗನ್ನಿಸಲೂಬಹುದು. ಆದರೆ ಕಾರ್ಡ್‌ಗಳು ಇಲ್ಲಿ ಕಾಣೆಯಾಗಿಲ್ಲ; ರಾಲಿನ್ಸ್‌ರ ಸ್ವರಸಾಲುಗಳೇ ಅವನ್ನು ಸೂಚಿಸುತ್ತವೆ, ಕೇಳುವವರು ಮನಸ್ಸಿನಲ್ಲಿ ಪೂರ್ತಿಗೊಳಿಸಿಕೊಳ್ಳುತ್ತಾರೆ. ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು: ಅದೇ ವರ್ಷದ ಮಾರ್ಚ್‌ನಲ್ಲಿ ರಾಲಿನ್ಸ್ ‘ವೇ ಔಟ್ ವೆಸ್ಟ್’ ಆಲ್ಬಮ್ಮನ್ನು ಹೀಗೆಯೇ ಪಿಯಾನೋ ಇಲ್ಲದೆ ಸ್ಟುಡಿಯೋದಲ್ಲಿ ಮುದ್ರಿಸಿದ್ದರಲ್ಲ, ಕ್ಲಬ್ಬಿನ ಅಗತ್ಯವೇನಿತ್ತು? ಉತ್ತರ ಮುದ್ರಣಗಳಲ್ಲೇ ಸಿಗುತ್ತದೆ. ಡಿಜ್ಜಿ ಗಿಲೆಸ್ಪಿಯವರ ‘ಎ ನೈಟ್ ಇನ್ ಟ್ಯುನೀಷಿಯಾ’ವನ್ನು ರಾಲಿನ್ಸ್ ಅಂದು ಮಧ್ಯಾಹ್ನದ ತಂಡದ ಡೊನಾಲ್ಡ್ ಬೇಲಿ, ಪೀಟ್ ಲರೋಕಾ ಜೊತೆ ನುಡಿಸಿದರು, ಸಂಜೆ ವೇರ್, ಜೋನ್ಸ್ ಜೊತೆ ಮತ್ತೆ ನುಡಿಸಿದರು. ‘ಸಾಫ್ಟ್‌ಲಿ, ಆ್ಯಸ್ ಇನ್ ಎ ಮಾರ್ನಿಂಗ್ ಸನ್‌ರೈಸ್’ ಕೂಡ ಎರಡು ಬಾರಿ ಬಂತು. ಸ್ಟುಡಿಯೋದಲ್ಲಿ ಒಂದು ತುಣುಕನ್ನು ಮತ್ತೆ ನುಡಿಸುವುದು ಹೆಚ್ಚಾಗಿ ಮೊದಲಿನದರ ಕೊರತೆ ನೀಗಿಸಲು. ಇಲ್ಲಿನ ಎರಡನೆಯ ರೂಪ ಮೊದಲಿನದರ ತಿದ್ದುಪಡಿಯಲ್ಲ, ಇನ್ನೊಂದು ಪೂರ್ಣ ಆಲೋಚನೆ. ಎದುರಿಗೆ ಕೂತ ಜನರ ಮುಂದೆ ಹಿಂದಿರುಗುವ ದಾರಿಯಿಲ್ಲ. ಎಡವಿದ ಸ್ವರವನ್ನೂ ಮುಂದಿನ ನುಡಿಗೆ ಕಾರಣ ಮಾಡಿಕೊಳ್ಳಲೇಬೇಕು.

ಮೂಲ ಎಲ್‌ಪಿಯಲ್ಲಿದ್ದದ್ದು ಆರೇ ತುಣುಕುಗಳು. ಉಳಿದವು ಹಲವು ವರ್ಷಗಳ ನಂತರ ಹೊರಬಂದವು. ಹೊಸಬರು ಆ ಆರರಿಂದ ಶುರುಮಾಡಲಿ. ನಂತರ ‘ಟ್ಯುನೀಷಿಯಾ’ದ ಎರಡೂ ರೂಪಗಳನ್ನು ಒಂದರ ಹಿಂದೊಂದು ಕೇಳಲಿ. ಆಸರೆ ಕಡಿಮೆಯಾದಷ್ಟೂ ಕಲಾವಿದನ ಹೊಣೆ ಹೆಚ್ಚುತ್ತದೆ, ಆ ಹೊಣೆಯಿಂದಲೇ ಸ್ವಾತಂತ್ರ್ಯ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.