ಬಿಟ್ಟುಬಿಡಿ ಮಾರಾಯ್ರೆ!

ಬಜಗೋಳಿಯಲ್ಲಿ ಬಸ್ಸಿಗೆ ಕಾಯುತ್ತ ಗೋಳಿಬಜೆ ತಿನ್ನುತ್ತಿದ್ದೆ. (ಊರಿನ ಹೆಸರನ್ನೇ ಮಗುಚಿ ಪ್ಲೇಟಿಗೆ ಹಾಕಿಕೊಟ್ಟ ಹಾಗೆ! ಈ ತಮಾಷೆ ನನಗಂತೂ ಹಳತಾಗುವುದೇ ಇಲ್ಲ.) ಎದುರು ಬೆಂಚಿನಲ್ಲಿ ಹುಡುಗಿಯೊಬ್ಬಳು ಉರು ಹೊಡೆಯುತ್ತಿದ್ದಳು: "ಫೋರ್‌ಗೋ ಅಂದ್ರೆ ಇಲ್ಲದೆ ಸುಧಾರಿಸುವುದು, ತ್ಯಜಿಸುವುದು."

ಗೋ ಅಂದರೆ ಹೋಗು. ಹೋಗುವುದರಲ್ಲಿ ತ್ಯಾಗ ಎಲ್ಲಿಂದ ಬಂತು?

ಅಷ್ಟರಲ್ಲಿ ಹೋಟೆಲಿನವನು ಪಕ್ಕದ ಜೈನ ಅಜ್ಜನಿಗೂ ಪ್ಲೇಟು ಚಾಚಿದ. "ಬಿಸಿ ಉಂಟು, ತಕೊಳ್ಳಿ ಅಜ್ಜ." ಅಜ್ಜ ಹೊರಗಿನ ಕತ್ತಲೆಯತ್ತ ಕಣ್ಣು ಹಾಯಿಸಿ, "ಬೇಡ ಮಾರಾಯ, ಸೂರ್ಯ ಮುಳುಗಿದ ಮೇಲೆ ತಿನ್ನುವುದು ಬಿಟ್ಟುಬಿಟ್ಟೆ" ಎಂದರು.

ಬಿಟ್ಟು-ಬಿಟ್ಟೆ! ಗೋಳಿಬಜೆ ಕೈಯಲ್ಲೇ ಉಳಿಯಿತು.

ಸಾವಿರ ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಆ ಫೋರ್‌ಗೋ 'ಫೊರ್‌ಗಾನ್': ಹಾದುಹೋಗು, ದಾಟಿಹೋಗು. ಘಮಘಮಿಸುವ ಬಾಣಲೆಯ ಮುಂದೆಯೇ ನಿಲ್ಲದೆ ನಡೆದುಬಿಡುವುದಿದೆಯಲ್ಲ, ಅದೇ! ಮುಂದಿನ 'ಫೋರ್' ಎಂದರೆ ಆಚೆಗೆ, ಪೂರ್ತಿಯಾಗಿ. (ನಡುವೆ ಒಂದು 'ಇ' ನುಗ್ಗಿದರೆ ಅದು ಮುಂಚೆ ಹೋಗು ಎಂಬ ಬೇರೆಯೇ ಶಬ್ದ, ಇಂಗ್ಲಿಷಿನವರೇ ಇಲ್ಲಿ ಎಡವುತ್ತಾರೆ.) ಅದೇ ತುಣುಕು ಫರ್‌ಗೆಟ್‌ನಲ್ಲಿದೆ, ಫರ್‌ಗಿವ್‌ನಲ್ಲಿದೆ. ಕನ್ನಡದಲ್ಲಿ ಹೇಳಿನೋಡಿ: ಮರೆತುಬಿಡು. ಕ್ಷಮಿಸಿಬಿಡು. ಅವರು ಮುಂದೆ ಅಂಟಿಸಿದ್ದನ್ನು ನಾವು ಹಿಂದೆ ಅಂಟಿಸಿದ್ದೇವೆ! ನೆಂಟಸ್ತಿಕೆಯೇ ಇಲ್ಲದ ಎರಡು ಭಾಷೆಗಳು. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ ನಿಘಂಟು ಅಚ್ಚು ಹಾಕಿಸಿದ ಕಿಟೆಲ್‌ರ ಜರ್ಮನ್‌ನಲ್ಲೂ ಮರೆಯುವುದಕ್ಕೆ, ಕ್ಷಮಿಸುವುದಕ್ಕೆ ಇಂಥದೇ 'ಫೆರ್' ಮುಂದೆ ನಿಂತಿದೆ. ಅವರಿಗೆ ಇದು ಹೊಳೆದಿರಲಿಲ್ಲವೇ?

ಇನ್ನೂ ಇದೆ ಕೇಳಿ. ಈ ಸೀಮೆಯಲ್ಲಿ ಜೈನ ಬಲ್ಲಾಳರ ದೊಡ್ಡ ಮನೆಗೆ ಏನನ್ನುತ್ತಾರೆ? ಬೀಡು! ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಘಂಟಿನಲ್ಲಿ ಬಿಡು, ಬೀಡು ಎರಡೂ ಒಂದೇ ಬುಡದಲ್ಲಿವೆ. ನಡಿಗೆ ಬಿಟ್ಟು ತಂಗಿದ ಜಾಗ ಬಿಡಾರ, ಬೀಡು. (ಮೂಡಬಿದಿರೆಯನ್ನು ಇದಕ್ಕೆ ಎಳೆಯಬೇಡಿ, ಅಲ್ಲಿರುವುದು ಬಿದಿರು.) ತಮಿಳಿನ 'ವೀಡು' ಸಹ ಇದೇ ಬುಡದ್ದು, ಅರ್ಥ ಮನೆ. ಮತ್ತೊಂದು ಅರ್ಥ? ಮೋಕ್ಷ! ನನಗೆ ರೋಮಾಂಚನವಾದದ್ದು ಇಲ್ಲಿ. ಕಾರ್ಕಳದ ಬಂಡೆಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, ಸುಮಾರು 42 ಅಡಿಯ ಬಾಹುಬಲಿ ಇದ್ದಾನಲ್ಲ: ಅಣ್ಣನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯ ಬಿಟ್ಟವನು, ಬಳ್ಳಿ ಹಬ್ಬಿದರೂ ಕದಲದವನು. ಅವನು ಬಿಟ್ಟ ಅರಮನೆಯೂ ಮುಟ್ಟಿದ ಮೋಕ್ಷವೂ ಒಂದೇ ಶಬ್ದದೊಳಗೆ!

ಇದನ್ನೆಲ್ಲ ಹುಡುಗಿಗೆ ಹೇಳಬೇಕೆಂದು ಬಾಯಿ ತೆರೆದೆ. ಬೆಂಚು ಖಾಲಿ. "ನಿಮ್ಮ ಬಸ್ಸೂ ಬಿಟ್ಟಿತಲ್ಲ ಮಾರಾಯ್ರೆ!" ಎಂದರು ಅಜ್ಜ.